ಮುಚ್ಚಳದ ಒಳಗಿನ ತಾರೀಖು

ಒಂಬತ್ತನೆಯ ಕಂತು

"ಒಂದು ಗಂಟೆ ಅಂತ ನಿಮ್ಮ ವಕೀಲೆ ಬರೆದಿದ್ದಾಳೆ. ಒಂದು ಗಂಟೆ ಅಂದ್ರೆ ಒಂದೇ ಗಂಟೆ, ಮಿಸೆಸ್ ಸಗ್ಡನ್."

ರೋಲಂಡ್ ಹೋಲ್ರಾಯ್ಡ್ ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ವೇಸ್ಟ್‌ಕೋಟಿನ ಜೇಬಿಗೆ ಇಳಿಸಿದ. ಸಗ್ಡನ್ ಅನ್ನೋ ಹೆಸರನ್ನು ನಾನು ಬಿಟ್ಟು ಹನ್ನೊಂದು ವರ್ಷವಾಯಿತು. ಹೊರಗೆ ನಿಂತಿರುವ ನನ್ನ ವ್ಯಾನಿನ ಮೇಲೆ 'ಥೆಲ್ಮಾ ಬ್ಯಾರಕ್ಲೌ, ಹೀಟಿಂಗ್ ರಿಪೇರಿ' ಅಂತ ಗೇಣುದ್ದದ ಅಕ್ಷರದಲ್ಲಿ ಬರೆದಿದೆ. ಇವನು ಟಾಡ್‌ಮರ್ಡನ್ ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವನು. ಓದೋಕೆ ಕಾಣಲಿಲ್ಲ ಅಂತ ಹೇಳುವ ಹಾಗಿಲ್ಲ.

"ಬ್ಯಾರಕ್ಲೌ," ಅಂದೆ.

"ನಮ್ಮಮ್ಮನ್ನ ಕೊಂದವನ ಹೆಂಡತಿ. ನನಗೆ ಅಷ್ಟು ಗೊತ್ತಿದ್ರೆ ಸಾಕು."

ಮೈ ಉರಿದುಹೋಯಿತು. ಆದರೂ ಸಲಕರಣೆಯ ಚೀಲ ಕೆಳಗಿಟ್ಟು ಬಿಚ್ಚಿದೆ. ಇವತ್ತು ಮಂಗಳವಾರ. ಗುರುವಾರ ಬೆಳಿಗ್ಗೆ ನನ್ನ ಮಾಜಿ ಗಂಡ ನೆವಿಲ್ ಸಗ್ಡನ್ ಕೋರ್ಟಿನಲ್ಲಿ ನಿಂತು, ಎಂಬತ್ತೊಂದು ವರ್ಷದ ಈನಿಡ್ ಹೋಲ್ರಾಯ್ಡ್ ಚಳಿಗೆ ಸತ್ತದ್ದು ತಾನು ಕೆಟ್ಟದಾಗಿ ಮಾಡಿದ ಹೀಟಿಂಗ್ ಕೆಲಸದಿಂದಲೇ ಅಂತ ಒಪ್ಪಿಕೊಳ್ಳುವವನಿದ್ದ. ಒಪ್ಪಿಕೊಂಡರೆ ಜೈಲು. ಅದು ಸುಳ್ಳು ಅಂತ ತೋರಿಸೋದಕ್ಕೆ ನನಗೆ ಇದ್ದದ್ದು ಈ ಒಂದು ಗಂಟೆ ಮತ್ತು ಈ ಮನೆಯ ತಂತಿಗಳು.

ನೆವಿಲ್ ಮೇಲಿನ ಪ್ರೀತಿಗೆ ಬಂದೆ ಅಂತ ಯಾರೂ ತಿಳಿಯಬೇಡಿ. ಅವನು ಮಾಡಿದ ಬೇರೆ ನೂರು ತಪ್ಪಿಗೆ ಜೈಲಿಗೆ ಹಾಕುವುದಾದರೆ ನಾನೇ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬರುತ್ತೇನೆ. ಕುಡಿತ, ರಾಚ್‌ಡೇಲಿನ ಆ ಹೆಂಗಸು, ಮರೆತ ಹುಟ್ಟುಹಬ್ಬಗಳು, ಒಂದೇ ಎರಡೇ. ಆದರೆ ತಂತಿಯನ್ನು ತಪ್ಪು ಟರ್ಮಿನಲ್ಲಿಗೆ, ತಪ್ಪು ಸ್ಕ್ರೂವಿನಡಿಗೆ, ಕೊಟ್ಟ ಅನ್ನುವುದಕ್ಕೆ ಬೇಡ. ಆ ತಪ್ಪು ಮಾಡೋದಕ್ಕೆ ಅವನಿಗೆ ಬರುವುದೇ ಇಲ್ಲ.

ಹಾಲ್ ಮಂಜುಗಡ್ಡೆ ಇಟ್ಟ ಪೆಟ್ಟಿಗೆಯ ಹಾಗೆ ತಣ್ಣಗಿತ್ತು. ಎರಡು ತಿಂಗಳಿಂದ ಮುಚ್ಚಿದ ಮನೆ. ಗೋಡೆ ಪಕ್ಕದಲ್ಲಿ ಟೆಲಿಫೋನ್ ಮೇಜು, ಅದರ ಪಕ್ಕ ಒಂದು ಕುರ್ಚಿ. ಆ ಕುರ್ಚಿಯಲ್ಲೇ ಮುದುಕಿ ಓವರ್‌ಕೋಟು ಹಾಕಿಕೊಂಡು ಕೂತು ಸತ್ತಿದ್ದಳು. ಕುರ್ಚಿಯ ಮೇಲೆ, ಎದೆ ಎತ್ತರಕ್ಕೆ, ಮನೆ ತಣ್ಣಗಾದರೆ ಬಾಯ್ಲರ್ ಹೊತ್ತಿಸುವ ಥರ್ಮೋಸ್ಟಾಟಿನ ಬಿಳಿ ಡಬ್ಬಿ. ಅದನ್ನು ಕೂರಿಸಿದವಳು ನಾನು. ಜನವರಿ ಎಂಟನೇ ತಾರೀಖು, ಸೋಮವಾರ.

ಅವತ್ತು ಈನಿಡಮ್ಮ ಟೀ ಮಾಡಿಕೊಟ್ಟು, ಶುಂಠಿ ಕೇಕಿನ ದೊಡ್ಡ ತುಂಡು ಕೊಯ್ದಿಟ್ಟು, ತಿನ್ನದೆ ಎದ್ದರೆ ಬಾಗಿಲು ತೆಗೆಯೋದಿಲ್ಲ ಕಣಮ್ಮ ಅಂದಿದ್ದಳು. ಹಳೆ ಥರ್ಮೋಸ್ಟಾಟ್ ತೆಗೆದು ಹೊಸದು ಹಾಕಿದೆ. ಬಾಯ್ಲರ್ ಹೊತ್ತಿತು. ಬಿಸಿನೀರು ಹರಿಯುವ ರೇಡಿಯೇಟರ್ ಮುಟ್ಟಿ ನೋಡಿ, ಬಿಸಿಯಾದ ಮೇಲೆಯೇ ಹೊರಟೆ. ಮೇಜಿನ ಮೇಲೆ ನನ್ನ ಕಾರ್ಡು ಇಟ್ಟುಬಂದೆ.

ಹದಿನಾಲ್ಕನೇ ತಾರೀಖು ಭಾನುವಾರ ರೋಲಂಡ್ ಬಂದು ನೋಡಿದಾಗ ತಾಯಿ ಸತ್ತಿದ್ದಳು. ಕಾನ್‌ಸ್ಟೇಬಲ್ ಥರ್ಮೋಸ್ಟಾಟನ್ನು ಮೂವತ್ತಕ್ಕೆ ತಿರುಗಿಸಿ, ಬಾಯ್ಲರ್ ಹೊತ್ತಲಿಲ್ಲ ಅಂತ ಬರೆದುಕೊಂಡ. ಹತ್ತೊಂಬತ್ತಕ್ಕೆ ಪೊಲೀಸರು ಕರೆಸಿದ ತಜ್ಞ ಬಂದ. ಮಹಡಿಯ ಕಪಾಟಿನಲ್ಲಿ ತಂತಿಗಳೆಲ್ಲ ಸೇರುವ ಡಬ್ಬಿ ತೆಗೆದ. ಬಾಯ್ಲರಿಗೆ ಹೊತ್ತಿಕೋ ಅಂತ ಹೇಳುವ ಕಿತ್ತಳೆ ತಂತಿ ಏಳನೇ ಟರ್ಮಿನಲ್ಲಿನಲ್ಲಿ ಇರಬೇಕಾದದ್ದು ಒಂಬತ್ತರಲ್ಲಿ ಇತ್ತು. ಫೋಟೋ ತೆಗೆದುಕೊಂಡು ಹೋದ.

ನವೆಂಬರಿನಲ್ಲಿ ಆ ಡಬ್ಬಿಯ ಕೆಲಸ ಮಾಡಿದ್ದವನು ನೆವಿಲ್. ಎಂಟನೇ ತಾರೀಖು ನನ್ನ ಕಣ್ಣೆದುರೇ ಬಾಯ್ಲರ್ ಹೊತ್ತಿತ್ತಲ್ಲ ಅಂತ ನಾನು ಇನ್‌ಸ್ಪೆಕ್ಟರ್ ಹತ್ತಿರ ಬಾಯಿ ಬಡಿದುಕೊಂಡೆ. ಅದಕ್ಕೂ ನೆವಿಲ್ ತಾನೇ ಉತ್ತರ ಕೊಟ್ಟ. ಹತ್ತನೇ ತಾರೀಖು ತಂತಿಗಳನ್ನು ಒಪ್ಪ ಮಾಡೋಣ ಅಂತ ಮತ್ತೆ ಹೋಗಿದ್ದೆ, ಆಗ ತಪ್ಪಿರಬೇಕು ಅಂದನಂತೆ. ಹೊಂಡ ತಾನೇ ತೋಡಿ ತಾನೇ ಇಳಿದ.

ಆದರೆ ಅವನ ಒಂದು ಚಟ ನನಗೆ ಗೊತ್ತು. ನಮ್ಮ ಕಡೆಯ ಹಳೇ ಕೆಲಸಗಾರರಿಗೆಲ್ಲ ಅದು ಇದೆ. ಡಬ್ಬಿ ತೆಗೆದವನು ಮುಚ್ಚುವ ಮುಂಚೆ ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ತಾರೀಖು, ಹೆಸರಿನ ಮೊದಲಕ್ಷರ, ಏನು ತಪ್ಪಿತ್ತು ಅಂತ ಎರಡು ಮಾತು ಬರೆಯುತ್ತಾನೆ. ಮುಂದೆ ಬರುವವನಿಗೆ ದಾರಿ ತಿಳಿಯಲಿ ಅಂತ. ನಾನು ಬರೆಯುವುದಿಲ್ಲ, ನೆಟ್ಟಗೆ ಕೆಲಸ ಮಾಡಿದರೆ ಸಹಿ ಯಾಕೆ ಅಂತ ಅವನ ಜೊತೆ ಜಗಳ ಆಡಿದ್ದೂ ಉಂಟು. ಹತ್ತನೇ ತಾರೀಖು ಅವನು ನಿಜವಾಗಿ ಬಂದಿದ್ದರೆ ಅದು ಮುಚ್ಚಳದಲ್ಲಿ ಇರಲೇಬೇಕು.

"ಮೇಲೆ ಹೋಗಬೇಕು," ಅಂದೆ.

"ನಾನೂ ಬರ್ತೀನಿ. ನಿಮ್ಮಂಥವರನ್ನ ಒಂಟಿಯಾಗಿ ಬಿಡೋಕಾಗಲ್ಲ."

ಬಿಸಿನೀರಿನ ಹಂಡೆ ಇರುವ ಕಪಾಟಿನಲ್ಲಿ ಮುದುಕಿಯ ಟವೆಲುಗಳು ಇನ್ನೂ ಮಡಿಸಿದ ಹಾಗೇ ಇದ್ದವು. ಕರೆಂಟು ಆರಿಸಿದೆ. ಟೆಸ್ಟರ್ ಹಿಡಿದು, ಜೀವ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು ಬೋರಲಾಗಿದ್ದದ್ದನ್ನು ತಿರುಗಿಸಿದೆ. ಆ ತಜ್ಞ ಮಹಾಶಯ ಇಷ್ಟು ಮಾಡಿದ್ದರೆ ನನಗೆ ಈ ಸುಖ ಇರುತ್ತಿರಲಿಲ್ಲ.

ಹಳೇ ಕೈಬರಹಗಳು ಮೂರು ನಾಲ್ಕಿದ್ದವು. ಅವುಗಳ ಕೆಳಗೆ ನೆವಿಲ್‌ನ ಓರೆ ಅಕ್ಷರ: '6/11, ಎನ್.ಎಸ್., ವಾಲ್ವ್ ಹೊಸದು.'

ಹತ್ತನೇ ಜನವರಿ ಇರಲಿಲ್ಲ.

ಅದರ ಕೆಳಗೆ ಇದ್ದದ್ದು ಬೇರೆ. '17/1, ಎನ್.ಎಸ್.' ಅಷ್ಟೇ. ಏನು ತಪ್ಪಿತ್ತು ಅನ್ನುವ ಎರಡು ಮಾತು ಇಲ್ಲ.

ಟಾರ್ಚು ಹತ್ತಿರ ಹಿಡಿದು ಮತ್ತೆ ಓದಿದೆ. ಹದಿನೇಳು. ಈನಿಡಮ್ಮ ಸತ್ತು ಮೂರು ದಿನದ ಮೇಲೆ, ತಜ್ಞ ಬರೋಕೆ ಎರಡು ದಿನ ಮುಂಚೆ. ಕದ್ದು ಬಂದು ಮಾಡಿದ ಕೆಲಸಕ್ಕೆ ಯಾವನಾದರೂ ತಾರೀಖು ಹಾಕುತ್ತಾನೆಯೇ? ನೆವಿಲ್ ಹಾಕುತ್ತಾನೆ. ಮೂವತ್ತು ವರ್ಷ ಪಳಗಿದ ಕೈ, ತಲೆ ಬೇಡ ಅನ್ನುವಷ್ಟರಲ್ಲಿ ಪೆನ್ಸಿಲ್ ತೆಗೆದು ಬರೆದು ಮುಗಿಸಿರುತ್ತದೆ.

ಒಂಬತ್ತರಲ್ಲಿದ್ದ ಕಿತ್ತಳೆ ತಂತಿಯ ಫೋಟೋ ತೆಗೆದು, ಅದನ್ನು ಹೊರಗೆ ಎಳೆದು ನೋಡಿದೆ. ತುದಿಯ ತಾಮ್ರ ಹಿಂದಕ್ಕೆ ಮಡಚಿತ್ತು. ಅದೂ ನೆವಿಲ್‌ನದೇ ರೀತಿ. ಮಡಚಿದರೆ ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತೆ ಅಂತ ಅವನು, ನೇರ ಇದ್ದರೇ ಸರಿ ಅಂತ ನಾನು. ಸ್ಕ್ರೂ ಬಿಗಿ ಮಾಡಿದಾಗ ತಾಮ್ರವನ್ನು ಕಚ್ಚುತ್ತದೆ, ಕಚ್ಚಿದ ಗುರುತು ಉಳಿಯುತ್ತದೆ. ಇಲ್ಲಿ ಎರಡು ಕಚ್ಚು ಇದ್ದವು. ಒಂದು ಹಳೆಯದು, ಮಂಕಾಗಿತ್ತು. ಇನ್ನೊಂದು ಹೊಳೆಯುತ್ತಿತ್ತು. ತಂತಿಯ ಜಾಗ ಬದಲಾಗಿದ್ದು ಖಂಡಿತ.

ರೋಲಂಡ್ ಬಾಗಿಲಿಗೆ ಒರಗಿ ನಿಂತಿದ್ದ.

"ಹದಿನೇಳನೇ ತಾರೀಖು ಈ ಮನೆಗೆ ಯಾರು ಬಂದಿದ್ರು?" ಅಂತ ಕೇಳಿದೆ.

"ಯಾರೂ ಇಲ್ಲ. ಪೊಲೀಸರು ಮುಚ್ಚಿಸಿದ್ರು. ಕೀಲಿ ನನ್ನ ಜೇಬಲ್ಲೇ ಇತ್ತು."

"ಕೀಲಿ ವಿಚಾರ ನಾನು ಕೇಳಲಿಲ್ಲವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೋಲಂಡ್ ಕನ್ನಡಕ ತೆಗೆದ. ವೇಸ್ಟ್‌ಕೋಟಿನಿಂದ ದಬ್ಬಣದಷ್ಟು ಸಣ್ಣ ಸ್ಕ್ರೂಡ್ರೈವರ್ ತೆಗೆದು ಕನ್ನಡಕದ ಕಿವಿಕಡ್ಡಿಯ ಸ್ಕ್ರೂ ತಿರುಗಿಸತೊಡಗಿದ. ಸಡಿಲವೇನೂ ಆಗಿರಲಿಲ್ಲ. ಬಂದಾಗಿನಿಂದ ಅದು ಮೂರನೇ ಸಲ.

ನಾನು ಮುಚ್ಚಳವನ್ನು ಅವನ ಮೂಗಿನ ಮುಂದೆ ಹಿಡಿದೆ.

"ನಿಮ್ಮ ಗಂಡನ ಬರಹ ತಾನೆ?" ಅಂದ ಅವನು, ಓದಿ. "ಅವನೇ ಮಾಡಿದ ಅನ್ನೋದಕ್ಕೆ ಇನ್ನೊಂದು ಸಾಕ್ಷಿ. ತಗೊಂಡು ಹೋಗಿ ಕೋರ್ಟಿಗೆ ಕೊಡಿ, ನನಗೇನೂ ಬೇಜಾರಿಲ್ಲ."

"ಕೊಡ್ತೀನಿ. ಹೆಣ ಎತ್ತಿ ಮೂರು ದಿನ ಆದಮೇಲೆ ಇವನನ್ನ ಒಳಗೆ ಬಿಟ್ಟವರು ಯಾರು ಅಂತ ಕೋರ್ಟು ಕೇಳತ್ತೆ. ಕಿಟಕಿ ಒಡೆದಿಲ್ಲ. ಕೀಲಿ ನಿಮ್ಮ ಜೇಬಲ್ಲೇ ಇತ್ತು ಅಂತ ಈಗ ತಾನೇ ಹೇಳಿದ್ರಿ."

ಅವನ ಮುಖ ಕೆಂಪಗಾಯಿತು. ನೀವು ಅನ್ನುವುದು ಅಲ್ಲಿಗೆ ಮುಗಿಯಿತು.

"ನೀನು ಬಂದಿರೋದು ಅವನನ್ನ ಬಿಡಿಸೋಕಾ, ನನ್ನನ್ನ ಸಿಗಿಸೋಕಾ?"

"ಯಾರು ಮಾಡಿದ್ರೋ ಅವರನ್ನ ಸಿಗಿಸೋಕೆ."

ಕೊನೆಗೆ ಹೇಳಿದ, ಉಗಿಯುವ ಹಾಗೆ. ಆ ಹದಿನೇಳು, ಬುಧವಾರ, ನೆವಿಲ್ ಅಂಗಡಿಗೇ ಬಂದನಂತೆ. ಪತ್ರಿಕೆಯಲ್ಲಿ ಸುದ್ದಿ ಓದಿದ್ದನಂತೆ. ನವೆಂಬರಿನಲ್ಲಿ ಟಾರ್ಚು ಮರೆತು ಹೋಗಿದ್ದೆ, ಹತ್ತು ನಿಮಿಷ ಬಾಗಿಲು ತೆಗೆಯಿರಿ ಅಂದನಂತೆ. ಇವನು ಕಾರಿನಲ್ಲೇ ಕೂತಿದ್ದ. ನೆವಿಲ್ ಅರ್ಧ ಗಂಟೆ ಬಿಟ್ಟು ಹೊರಗೆ ಬಂದ, ಕೈಯಲ್ಲಿ ಟಾರ್ಚು ಇರಲಿಲ್ಲ, ಮುಖ ಬಿಳಿಚಿಕೊಂಡಿತ್ತು.

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೇಸು ಬಿದ್ದುಹೋಗ್ತಿತ್ತು. ಅಮ್ಮ ಸತ್ತಿದ್ದಕ್ಕೆ ಯಾರಾದ್ರೂ ಒಬ್ಬರು ಹೊಣೆ ಹೊರಬೇಕಿತ್ತು. ನಿನ್ನ ಗಂಡ ತಾನಾಗೇ ಬಂದು ಹೊತ್ಕೊಂಡ. ನಾನ್ಯಾಕೆ ಬೇಡ ಅನ್ನಲಿ?"

"ನೀವು ಕೊನೇ ಸಲ ಅವರನ್ನ ನೋಡಿದ್ದು ಯಾವಾಗ?"

"ಅದೆಲ್ಲ ಪೊಲೀಸರ ಹತ್ರ ಇದೆ. ಶುಕ್ರವಾರ, ಹನ್ನೆರಡು. ಅವಳ ಕನ್ನಡಕ ಸಡಿಲ ಆಗಿತ್ತು, ಬಿಗಿ ಮಾಡಿಕೊಟ್ಟೆ. ಕೋಟು ಕೂಡ ಬಿಚ್ಚದೆ ಹೊರಟೆ. ಮನೆ ಬೆಚ್ಚಗಿತ್ತೋ ತಣ್ಣಗಿತ್ತೋ ನೋಡಲಿಲ್ಲ." ಗೋಡೆ ಕಡೆ ತಿರುಗಿ ಸೇರಿಸಿದ, "ಅವಳ ಹತ್ರ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರೋದು ಯಾರಿಂದಲೂ ಆಗ್ತಿರಲಿಲ್ಲ."

ನನ್ನಿಂದ ಆಗಿತ್ತು. ಕೇಕು ತಿಂದುಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ಅದನ್ನು ಇವನಿಗೆ ಹೇಳಿ ಪ್ರಯೋಜನವಿಲ್ಲ ಅಂತ ಡಬ್ಬಿಯ ಕಡೆ ತಿರುಗಿದೆ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಒಂದು ತಪ್ಪು ಸಿಕ್ಕಿತು ಅಂತ ಡಬ್ಬಿ ಮುಚ್ಚಬೇಡ. ಕಲಿಸಿದವನು ನೆವಿಲ್ಲೇ. ತಜ್ಞ ಒಂದು ತಪ್ಪು ಸಿಕ್ಕಿದ ಕೂಡಲೇ ಮುಚ್ಚಿದ್ದ. ನಾನು ಲೆಕ್ಕ ಹಾಕಿದೆ. ಬಾಯ್ಲರ್ ಹೊತ್ತಲಿಲ್ಲ ಅಂತ ಕಾನ್‌ಸ್ಟೇಬಲ್ ಬರೆದದ್ದು ಹದಿನಾಲ್ಕಕ್ಕೆ. ಕಿತ್ತಳೆ ತಂತಿ ಜಾಗ ಬಿಟ್ಟದ್ದು ಹದಿನೇಳಕ್ಕೆ. ಅಂದರೆ ಮುದುಕಿಯನ್ನು ಕೊಂದ ತಪ್ಪು ಇದಲ್ಲ, ಇನ್ನೊಂದು. ಅದು ಈ ಮನೆಯಲ್ಲೇ ಎಲ್ಲೋ ಇದೆ.

ವಕೀಲೆಯ ಪತ್ರದಲ್ಲಿ ಪರೀಕ್ಷೆ ಮಾಡಿ ನೋಡಬಹುದು ಅಂತ ಇತ್ತು. ಕಿತ್ತಳೆ ತಂತಿಯನ್ನು ಏಳಕ್ಕೆ ಕೊಟ್ಟು ಬಿಗಿ ಮಾಡಿದೆ. ಕರೆಂಟು ಹಾಕಿ, ಕೆಳಗೆ ಹೋಗಿ ಥರ್ಮೋಸ್ಟಾಟ್ ತಿರುಗಿಸಿ ಕಾದೆ. ಎಲ್ಲೋ ಒಂದು ಕಡೆ ಸತ್ತ ತಂತಿ ಸಿಗುತ್ತೆ, ಟೆಸ್ಟರ್ ಹಿಡಿದು ಹುಡುಕೋಣ ಅಂತ ಇದ್ದೆ.

ಮೇಲೆ ಬಿಸಿನೀರು ಬಿಡುವ ವಾಲ್ವು ಗುರ್ ಅಂತ ತೆರೆದುಕೊಂಡಿತು. ಅಡುಗೆಮನೆಯಲ್ಲಿ ಬಾಯ್ಲರ್ ಭುಗ್ ಅಂತ ಹೊತ್ತಿಕೊಂಡಿತು.

ರೇಡಿಯೇಟರಿನ ಕೊಳವೆಗಳು ಬಿಸಿಗೆ ಟಿಕ್ ಟಿಕ್ ಅನ್ನತೊಡಗಿದವು. ರೋಲಂಡ್ ಮೆಟ್ಟಿಲ ಮೇಲೆ ನಿಂತುಬಿಟ್ಟ. ತಾಯಿ ಸತ್ತ ಮನೆ ಬೆಚ್ಚಗಾಗುತ್ತಿರುವುದನ್ನು ಅವನು ಸಹಿಸಲಾರದ ಹಾಗೆ ನೋಡಿದ. ಬೇರೆ ತಪ್ಪೇ ಇರಲಿಲ್ಲ. ಹದಿನಾಲ್ಕಕ್ಕೆ ಇದ್ದ ತಪ್ಪು ಈಗ ಇಲ್ಲ.

ತಂತಿ ತನ್ನಷ್ಟಕ್ಕೆ ತಾನೇ ವಾಸಿಯಾಗುವುದಿಲ್ಲ. ಹದಿನೇಳಕ್ಕೆ ನೆವಿಲ್ ಎರಡು ಕೆಲಸ ಮಾಡಿದ್ದ. ಒಂದು ಕಡೆ ಕೆಡಿಸಿದ್ದ, ಇನ್ನೊಂದು ಕಡೆ ಸರಿಮಾಡಿದ್ದ. ಬಾಯ್ಲರ್ ಸತ್ತಿದೆ ಅಂತ ಪೊಲೀಸರು ಆಗಲೇ ಬರೆದಿದ್ದರು, ತಜ್ಞನಿಗೆ ಒಂದು ತಪ್ಪು ಸಿಗಲೇಬೇಕಿತ್ತು. ತನ್ನ ಡಬ್ಬಿಯಲ್ಲಿ ಸಿಗಲಿ ಅಂತ ಅಲ್ಲಿ ಇಟ್ಟ. ನಿಜವಾದದ್ದನ್ನು ಮುಚ್ಚಿಹಾಕಿದ. ಯಾರ ತಪ್ಪನ್ನು ಮುಚ್ಚೋಕೆ?

ನನ್ನ ಕಣ್ಣು ಟೆಲಿಫೋನ್ ಮೇಜಿನ ಮೇಲೆ ಹೋಯಿತು. ನನ್ನ ಕಾರ್ಡು ಅಲ್ಲೇ ಇತ್ತು, ನಾನಿಟ್ಟ ಜಾಗದಲ್ಲೇ. ಅದರ ಮೇಲೆ ಗೋಡೆಯಲ್ಲಿ ನನ್ನ ಥರ್ಮೋಸ್ಟಾಟ್.

"ಅದನ್ನ ಯಾಕೆ ಮುಟ್ತೀಯ?" ಅಂದ ರೋಲಂಡ್.

ಮತ್ತೆ ಕರೆಂಟು ಆರಿಸಿ ಬಂದೆ. ಕೆಳಗಿನ ಸಣ್ಣ ಸ್ಕ್ರೂ ತೆಗೆದು ಬಿಳಿ ಮುಚ್ಚಳ ಬಿಚ್ಚಿದೆ.

ಒಳಗೆ ಮೂರು ತಂತಿ. ಎರಡು ನಾನು ಕೊಟ್ಟ ಹಾಗೇ ನೇರವಾಗಿ ಹೋಗಿದ್ದವು. ಮೂರನೆಯದು, ಕಂದು ತಂತಿ, ಕರೆಂಟು ತರುವಂಥದ್ದು. ಸ್ಕ್ರೂ ಸಡಿಲಿಸಿ ಹೊರಗೆ ಎಳೆದೆ. ತುದಿಯ ತಾಮ್ರ ಹಿಂದಕ್ಕೆ ಮಡಚಿತ್ತು.

ನಾನು ಮಡಚುವವಳಲ್ಲ. ಹುಟ್ಟಿದ ಮೇಲೆ ಒಂದು ತಂತಿ ಮಡಚಿಲ್ಲ.

ಎಲ್ಲ ತಿಳಿಯಿತು. ತನ್ನ ವಾಲ್ವು ಮುದುಕಿಯನ್ನು ಕೊಂದಿತೋ ಏನೋ ಅಂತ ಹೆದರಿ ನೆವಿಲ್ ಬಂದ. ತನ್ನ ಕೆಲಸ ಸರಿ ಇತ್ತು. ಇಲ್ಲಿ ಹೊಸ ಥರ್ಮೋಸ್ಟಾಟ್, ಅದರ ಮುಚ್ಚಳದ ಒಳಗೆ ಕಂದು ತಂತಿ ಸ್ಕ್ರೂ ಬಿಟ್ಟು ಜೋತಾಡುತ್ತಿತ್ತು, ತುದಿ ನನ್ನ ರೀತಿಯಲ್ಲಿ ನೇರ. ಪಕ್ಕದಲ್ಲಿ ನನ್ನ ಕಾರ್ಡು. ಥೆಲ್ಮಾ ಸ್ಕ್ರೂ ಬಿಗಿ ಮಾಡೋದು ಮರೆತಿದ್ದಾಳೆ, ಥೆಲ್ಮಾ ಜೈಲಿಗೆ ಹೋಗ್ತಾಳೆ ಅಂದುಕೊಂಡ. ಅವನು ತಂತಿಯನ್ನು ಮಡಚಿ ಬಿಗಿ ಮಾಡಿ, ಮಹಡಿ ಹತ್ತಿ ತನ್ನ ಒಳ್ಳೆಯ ಕೆಲಸವನ್ನು ತಾನೇ ಕೆಡಿಸಿದ.

ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಹನ್ನೊಂದು ವರ್ಷ ಒಂದು ಮಾತಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ, ಏನೇ ಥೆಲ್ಮಾ, ಬಿಗಿ ಮಾಡಿದ್ಯಾ ಇಲ್ವಾ ಅಂತ. ನಾನು ಸ್ಕ್ರೂ ಮರೆಯುವವಳು ಅಂತ ನಂಬಿದ, ಆಮೇಲೆ ನನಗೋಸ್ಕರ ಜೈಲಿಗೂ ಹೊರಟ. ಯಾವುದಕ್ಕೆ ಅವನ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ.

ಆದರೆ ಬಾಯ್ಲರ್ ಹೊತ್ತಿತ್ತಲ್ಲ. ಎಂಟನೇ ತಾರೀಖು ನನ್ನ ಕೈಯೇ ರೇಡಿಯೇಟರ್ ಮುಟ್ಟಿತ್ತಲ್ಲ.

ಇಕ್ಕಳ ತೆಗೆದು, ನೆವಿಲ್ ಮಡಚಿದ ತುದಿಯನ್ನು ಮೆಲ್ಲಗೆ ಬಿಡಿಸಿದೆ. ನಾನು ಬಿಗಿ ಮಾಡೋದು ಮರೆತಿದ್ದರೆ ನೇರ ತುದಿಯಲ್ಲಿ ಕಚ್ಚಿನ ಗುರುತು ಇರಬಾರದು. ಟಾರ್ಚು ಹಿಡಿದೆ.

ಇತ್ತು. ಮಡಿಕೆಯ ಒಳಮೈಯಲ್ಲಿ, ನೆವಿಲ್ ಬಿಗಿ ಮಾಡಿದ ಸ್ಕ್ರೂ ತಾಗದ ಕಡೆ, ಆಳವಾಗಿ, ಸ್ವಚ್ಛವಾಗಿ ಕಚ್ಚಿತ್ತು. ಅಷ್ಟು ಬಿಗಿ ಮಾಡಿದ ತಂತಿ ಸಡಿಲವಾಗಿ ಬೀಳುವುದಿಲ್ಲ. ಸ್ಕ್ರೂ ತಿರುಗಿಸಿಯೇ ತೆಗೆಯಬೇಕು.

ನೆವಿಲ್ ಈ ಗುರುತು ನೋಡಲಿಲ್ಲ. ಹೆದರಿಕೆಯಲ್ಲಿ ಮಡಚಿಬಿಟ್ಟ. ನಾನು ಮಾಡದ ತಪ್ಪಿಗೆ, ತಾನೂ ಮಾಡದ ತಪ್ಪಿಗೆ, ಆ ಮೂರ್ಖ ಗುರುವಾರ ಜೈಲಿಗೆ ಹೋಗುವವನಿದ್ದ.

ಸ್ಕ್ರೂವಿನ ತಲೆಗೆ ಬೆಳಕು ಬಿಟ್ಟೆ. ನನ್ನ ಸ್ಕ್ರೂಡ್ರೈವರಿನ ಬಾಯಿ ಅಗಲ, ನೆವಿಲ್‌ನದು ಇನ್ನೂ ಅಗಲ. ಆ ತಲೆಯ ಸೀಳಿನ ಒಳಗೆ, ನಡುವೆ, ಕೂದಲೆಳೆಯಷ್ಟು ಸಣ್ಣ ಎರಡು ಗೀರು ಇದ್ದವು. ತೀರ ಸಣ್ಣ ಬಾಯಿಯದ್ದು ಜಾರಿ ಜಾರಿ ಆದ ಗೀರು. ಅಂಥದ್ದನ್ನು ನಮ್ಮ ಕೆಲಸದವರು ಯಾರೂ ಇಟ್ಟುಕೊಳ್ಳುವುದಿಲ್ಲ.

ಎಂಟಕ್ಕೆ ನಾನು ಬಿಗಿ ಮಾಡಿದ್ದೆ. ಹದಿನಾಲ್ಕಕ್ಕೆ ಬಿಚ್ಚಿತ್ತು. ನಡುವೆ ಈ ಮನೆಗೆ ಬಂದುಹೋದವನು ಒಬ್ಬನೇ, ಕೋಟು ಕೂಡ ಬಿಚ್ಚದೆ, ಹತ್ತು ನಿಮಿಷ.

"ಏನು ಸಿಕ್ತು?" ಹಿಂದಿನಿಂದ ರೋಲಂಡ್ ಕೇಳಿದ. ಮೆಟ್ಟಿಲಿಂದ ಅವನು ಇಳಿದು ಬಂದದ್ದು ನನಗೆ ಕೇಳಿಸಿಯೇ ಇರಲಿಲ್ಲ.

"ಏನೂ ಇಲ್ಲ," ಅಂದೆ. ದನಿ ನೆಟ್ಟಗೆ ಬಂತು, ಪುಣ್ಯ. "ನನ್ನ ಕೆಲಸವೇ. ಸರಿಯಾಗೇ ಇದೆ."

ತಂತಿ ಮತ್ತೆ ಒಳಗೆ ಹಾಕಿದೆ. ಬಿಳಿ ಮುಚ್ಚಳ ಎತ್ತಿ ಕೂರಿಸುವಾಗ ನನ್ನ ಸ್ಕ್ರೂಡ್ರೈವರ್ ಕೈಜಾರಿ ಕುರ್ಚಿಯ ಹಿಂದೆ ಬಿತ್ತು. ನಾನು ಬಗ್ಗುವ ಮುಂಚೆ ಅವನು ಕೈ ಚಾಚಿದ. ಕೈಯಲ್ಲಿ ಆ ದಬ್ಬಣದಷ್ಟು ಸಣ್ಣದು ಇತ್ತು.

"ಇದರಲ್ಲಿ ಹಾಕಿ, ಮಿಸೆಸ್ ಬ್ಯಾರಕ್ಲೌ," ಅಂದ, ಮೊದಲ ಸಲ ನನ್ನ ಹೆಸರನ್ನು ಸರಿಯಾಗಿ ಹೇಳಿ. "ಮುಚ್ಚಳದ ಸ್ಕ್ರೂಗೆ ಇದು ಸರಿಯಾಗಿ ಕೂರತ್ತೆ. ಒಳಗಿನದಕ್ಕೆ ಸ್ವಲ್ಪ ಸಣ್ಣದಾಗತ್ತೆ."

ಕೀಲಿ ಅವನ ಜೇಬಿನಲ್ಲಿತ್ತು. ನಾನು ಸ್ಕ್ರೂಡ್ರೈವರ್ ಈಸಿಕೊಂಡೆ.